ಉಚಿತ ಟ್ಯಾಕ್ಸ್ ಕೇಂದ್ರದವರು ವಾಪಸ್ ಕಳಿಸಿದರು: ಊರಲ್ಲಿ ತೋಟ ಇದ್ದವರು ಅಮೆರಿಕದಲ್ಲಿ ರಿಟರ್ನ್ ಹೇಗೆ ಹಾಕ್ತೀರಿ?

ಮಲೆನಾಡ_ಮಗಳು

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ನನಗೆ ಡೇಕೇರ್‌ನಲ್ಲಿ ಕೆಲಸ, ಯಜಮಾನರು ಲಿಫ್ಟ್ ಆ್ಯಪಿನ ಟ್ಯಾಕ್ಸಿ ಓಡಿಸುತ್ತಾರೆ. ಇಬ್ಬರದೂ ಸೇರಿಸಿದರೆ ವರ್ಷಕ್ಕೆ 60 ಸಾವಿರ ಡಾಲರ್ ದಾಟುವುದಿಲ್ಲ. ಪ್ರತಿ ವರ್ಷ ಲೈಬ್ರರಿಯಲ್ಲಿ ಸ್ವಯಂಸೇವಕರು ನಡೆಸುವ ವೀಟಾ ಕೇಂದ್ರಕ್ಕೆ ಹೋಗಿ ಪುಕ್ಕಟೆ ರಿಟರ್ನ್ ಹಾಕಿಸುತ್ತಿದ್ದೆವು.

2024ರಲ್ಲಿ ಅಪ್ಪ ತೀರಿಕೊಂಡರು. ಸಾಗರದ ಹತ್ತಿರದ ಅಡಿಕೆ ತೋಟ ಪೌತಿ ಖಾತೆಯಾಗಿ ಅಪ್ಪನ ಮೂವರು ಮಕ್ಕಳಾದ ನಮ್ಮ ಹೆಸರಿಗೆ ಬಂತು. ತೋಟ ನೋಡಿಕೊಳ್ಳಲು ಅಲ್ಲಿ ಯಾರೂ ಇಲ್ಲ, ಚೇಣಿಗೆ (ಫಸಲನ್ನು ಮೊದಲೇ ಒಂದು ಮೊತ್ತಕ್ಕೆ) ಕೊಟ್ಟಿದ್ದೇವೆ. ದೀಪಾವಳಿ ಹೊತ್ತಿಗೆ ನನ್ನ ಪಾಲಿನ 4 ಲಕ್ಷ ರೂಪಾಯಿ ಎನ್‌ಆರ್‌ಓ ಖಾತೆಗೆ (ಊರಿನ ಆದಾಯ ಇಡುವ ಅನಿವಾಸಿ ಖಾತೆ) ಬಿತ್ತು. ಅಲ್ಲೇ ಅಪ್ಪನ ಕಾಲದ ಒಂದು ಎಫ್‌ಡಿ ಕೂಡ ಇದೆ.

ಈ ಸಲ ಕೇಂದ್ರದಲ್ಲಿ ಇದನ್ನೆಲ್ಲ ಹೇಳಿದೆ. ಅಲ್ಲಿ ಕೂತಿದ್ದ ಹಿರಿಯರೊಬ್ಬರು ದಪ್ಪ ಪುಸ್ತಕ ತೆಗೆದು ಹಾಳೆ ತಿರುವಿದರು, ಇನ್ನೊಬ್ಬರನ್ನು ಕರೆದರು, ಇಬ್ಬರೂ ಪಿಸುಪಿಸು ಮಾತಾಡಿದರು. ಆಮೇಲೆ ‘ಕ್ಷಮಿಸಿ, ಇದು ನಾವು ಮಾಡುವಂಥದ್ದಲ್ಲ’ ಅಂದರು. ಯಜಮಾನರ ಲಿಫ್ಟ್ ಲೆಕ್ಕ ಮತ್ತು ನನ್ನ ಡಬ್ಲ್ಯು-2 (ವರ್ಷದ ಸಂಬಳದ ಚೀಟಿ) ಮಾತ್ರ ಮಾಡಿಕೊಡಿ ಅಂದರೂ ಒಪ್ಪಲಿಲ್ಲ. ಐದು ಸಾವಿರ ಡಾಲರೂ ಆಗದ ದುಡ್ಡಿಗೆ ಇಷ್ಟೊಂದಾ? ಊರಲ್ಲಿ ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲವಲ್ಲ?

ಶನಿವಾರದ_ಸ್ವಯಂಸೇವಕ

ನಾನು ನ್ಯೂಜೆರ್ಸಿಯಲ್ಲಿ ಇಂಥದ್ದೇ ಕೇಂದ್ರದಲ್ಲಿ ಕೂರುತ್ತೇನೆ. ಅವರು ಮಾಡಿದ್ದು ಸರಿ. ನಿಮಗೆ ಬೇಜಾರಾಗಿದ್ದೂ ಸಹಜ.

ವೀಟಾ ಶುರುವಾಗಿದ್ದು 1969ರ ತೆರಿಗೆ ಕಾಯ್ದೆಯ ಹೊತ್ತಿಗೆ. ಸಂಬಳ, ಬ್ಯಾಂಕ್ ಬಡ್ಡಿ, ಪಿಂಚಣಿ, ಮಕ್ಕಳ ಕ್ರೆಡಿಟ್ (ಕಟ್ಟುವ ತೆರಿಗೆಯಲ್ಲಿ ಸಿಗುವ ಕಡಿತ) ಇಷ್ಟೇ ಇರುವ ಮನೆಗಳು ರಿಟರ್ನ್ ಹಾಕಲು ದುಡ್ಡು ಕೊಡಬಾರದು ಅನ್ನುವುದು ಉದ್ದೇಶ. ನಾವು ಅಕೌಂಟೆಂಟ್‌ಗಳಲ್ಲ. ನಮ್ಮಲ್ಲಿ ನಿವೃತ್ತ ಮೇಷ್ಟ್ರು ಇದ್ದಾರೆ, ಕಾಲೇಜು ಹುಡುಗರಿದ್ದಾರೆ. ಐಆರ್‌ಎಸ್, ಅಂದರೆ ಅಮೆರಿಕದ ತೆರಿಗೆ ಇಲಾಖೆ, ನಡೆಸುವ ಪರೀಕ್ಷೆಯಲ್ಲಿ ನೂರಕ್ಕೆ 80 ತೆಗೆದುಕೊಂಡು ಪಾಸಾಗಬೇಕು. ಬೇಸಿಕ್ ಬೇರೆ, ಅಡ್ವಾನ್ಸ್ಡ್ ಬೇರೆ, ಸೈನಿಕರದ್ದು ಬೇರೆ, ವಿದೇಶಿ ವಿದ್ಯಾರ್ಥಿಗಳದ್ದು ಬೇರೆ. ಯಾವುದು ಪಾಸಾಗಿದ್ದೇವೋ ಅಷ್ಟೇ ಮುಟ್ಟಬಹುದು. ನೀವು ನೋಡಿದ ದಪ್ಪ ಪುಸ್ತಕ ಪಬ್ಲಿಕೇಶನ್ 4012. ಯಾವುದು ನಮ್ಮ ವ್ಯಾಪ್ತಿ, ಯಾವುದು ಅಲ್ಲ ಅಂತ ಅದರಲ್ಲಿ ಸಾಲು ಸಾಲಾಗಿ ಇದೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಪರಿಶೀಲಿಸಲೇಬೇಕು, ಅದಕ್ಕೇ ಇನ್ನೊಬ್ಬರನ್ನು ಕರೆದಿದ್ದಾರೆ.

ನಿಮ್ಮ ಕೇಸಲ್ಲಿ ತೊಡಕು ದುಡ್ಡಿನ ಗಾತ್ರದ್ದಲ್ಲ, ಅದರ ಜಾತಿಯದ್ದು. ತೋಟದ ಆದಾಯ ಬಂದರೆ ಶೆಡ್ಯೂಲ್ ಎಫ್, ಅದು ನಮ್ಮ ವ್ಯಾಪ್ತಿಯ ಹೊರಗೆ. ಬಾಡಿಗೆ ಅಂತ ತೋರಿಸಿದರೆ ಶೆಡ್ಯೂಲ್ ಇ ಅಥವಾ ಫಾರ್ಮ್ 4835, ಅವೂ ಮಾಮೂಲಿ ಕೇಂದ್ರದಲ್ಲಿ ಆಗುವುದಿಲ್ಲ. ಅರ್ಧ ರಿಟರ್ನ್ ಮಾಡುವ ಹಾಗಿಲ್ಲ. ಒಂದು ಸಾಲು ವ್ಯಾಪ್ತಿ ಮೀರಿದರೂ ಪೂರ್ತಿ ರಿಟರ್ನನ್ನೇ ಬಿಡಬೇಕು.

ಅನುಮಾನಪ್ಪ

ಸುಮ್ನೆ ಊರಿನ ವಿಷಯ ಬಾಯಿ ಬಿಡದೆ ಹಾಕಿಸಿಕೊಂಡು ಬರಬೇಕಿತ್ತು. ಸಾಗರದ ಅಡಿಕೆ ದುಡ್ಡು ವಾಷಿಂಗ್ಟನ್‌ನಲ್ಲಿ ಯಾರಿಗೆ ಗೊತ್ತಾಗುತ್ತೆ?

ಶನಿವಾರದ_ಸ್ವಯಂಸೇವಕ

@ಅನುಮಾನಪ್ಪ ದಯವಿಟ್ಟು ಇಂಥ ಸಲಹೆ ಕೊಡಬೇಡಿ. ರಿಟರ್ನ್‌ಗೆ ಸಹಿ ಹಾಕುವವರು ಅವರು, ನಾವಲ್ಲ. ಸುಳ್ಳು ಹೇಳಿದರೆ ಶಿಕ್ಷೆಗೆ ಗುರಿ ಅನ್ನುವ ಸಾಲಿನ ಕೆಳಗೇ ಆ ಸಹಿ. ಜೊತೆಗೆ ಶೆಡ್ಯೂಲ್ ಬಿಯ ಮೂರನೇ ಭಾಗದಲ್ಲಿ ನೇರ ಪ್ರಶ್ನೆ ಇದೆ: ಬೇರೆ ದೇಶದಲ್ಲಿ ನಿಮಗೆ ಖಾತೆ ಇದೆಯಾ, ಇದ್ದರೆ ಯಾವ ದೇಶ. ಇಲ್ಲ ಅಂತ ಗುರುತು ಹಾಕಿದರೆ ಅದೇ ಸುಳ್ಳು.

‘ಗೊತ್ತಾಗಲ್ಲ’ ಅನ್ನುವ ಕಾಲವೂ ಹೋಯಿತು. 2015ರಲ್ಲಿ ಭಾರತ ಮತ್ತು ಅಮೆರಿಕ ಫ್ಯಾಟ್ಕಾ ಒಪ್ಪಂದ ಮಾಡಿಕೊಂಡವು. ಇಲ್ಲಿನ ತೆರಿಗೆದಾರರ ಖಾತೆ ಅಂತ ಗೊತ್ತಾದರೆ ಊರಿನ ಬ್ಯಾಂಕು ಮಾಹಿತಿ ಕಳಿಸುತ್ತದೆ. ಕೆವೈಸಿ ಹೊತ್ತಿಗೆ ‘ಬೇರೆ ದೇಶದ ತೆರಿಗೆ ನಿವಾಸಿಯೇ?’ ಅಂತ ಒಂದು ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಅದು ಇದಕ್ಕೇ.

ಲೆಕ್ಕದ_ಪುಸ್ತಕ

ನಾನು ಎನ್‌ರೋಲ್ಡ್ ಏಜೆಂಟ್ (ಐಆರ್‌ಎಸ್ ಪರವಾನಗಿ ಇರುವ ತೆರಿಗೆ ತಜ್ಞ), ದಿನಾ ಇದೇ ಕೆಲಸ. ಮಲೆನಾಡ ಮಗಳು ಅವರ ಕೇಸನ್ನು ಬಿಡಿಸಿ ಹೇಳುತ್ತೇನೆ, ಇಲ್ಲಿ ಬಹಳ ಜನಕ್ಕೆ ಇದೇ ಸ್ಥಿತಿ.

ಮೊದಲನೆಯದು, ಕೃಷಿ ಆದಾಯ. ಭಾರತದ ಆದಾಯ ತೆರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ನಿಜ. ಅದು ಅಲ್ಲಿಯ ಕಾನೂನು. ಅಮೆರಿಕದ ತೆರಿಗೆ ನಿವಾಸಿಗೆ ಜಗತ್ತಿನ ಎಲ್ಲಿ ಆದಾಯ ಬಂದರೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ತೆರಿಗೆಯೇ ಕಟ್ಟಿಲ್ಲವಾದ್ದರಿಂದ ಇಲ್ಲಿ ಕ್ರೆಡಿಟ್ ಕೇಳಲೂ ಏನೂ ಇಲ್ಲ. ಎನ್‌ಆರ್‌ಇ ಠೇವಣಿಯ (ಇಲ್ಲಿನ ದುಡಿಮೆ ಊರಿಗೆ ಕಳಿಸಿ ಇಟ್ಟದ್ದು) ಬಡ್ಡಿಯದ್ದೂ ಇದೇ ಕಥೆ. ಅಲ್ಲಿ ತೆರಿಗೆ ಮುಕ್ತ, ಇಲ್ಲಿ ಪೂರ್ತಿ ತೆರಿಗೆ. ಇದನ್ನು ಕೇಳಿ ಮುಖ ಸಣ್ಣ ಮಾಡಿಕೊಳ್ಳದವರನ್ನು ನಾನು ನೋಡಿಲ್ಲ.

ಎರಡನೆಯದು ಚೇಣಿ. ಫಸಲು ಮರದಲ್ಲಿರುವಾಗಲೇ ಒಂದು ಮೊತ್ತಕ್ಕೆ ಕೊಟ್ಟು ಕೈತೊಳೆದುಕೊಂಡರೆ ಅದು ಬೆಳೆ ಮಾರಾಟವೋ, ಜಮೀನಿನ ಗೇಣಿಯೋ? ಗೊಬ್ಬರ, ಔಷಧಿ ಖರ್ಚು ಯಾರದ್ದು? ಕೊಳೆರೋಗ ಬಂದು ಅರ್ಧ ಕಾಯಿ ಉದುರಿದರೆ ನಷ್ಟ ಯಾರಿಗೆ? ಇದರ ಮೇಲೆ ಯಾವ ಫಾರ್ಮ್ ಅಂತ ನಿರ್ಧಾರವಾಗುತ್ತದೆ. ತೋಟದ ಮರ, ಪಂಪ್‌ಸೆಟ್ಟು, ಬೇಲಿಗೆ ಸವಕಳಿ ಲೆಕ್ಕವೂ ಬರಬಹುದು. ಶನಿವಾರ ಬೆಳಿಗ್ಗೆ ಲೈಬ್ರರಿ ಟೇಬಲ್ಲಿನಲ್ಲಿ ಕೂತು ಇದನ್ನು ತೀರ್ಮಾನ ಮಾಡಿ ಅನ್ನುವುದು, ಊರಿನ ಪಿಎಚ್‌ಸಿಯಲ್ಲಿ ಬೈಪಾಸ್ ಮಾಡಿ ಅಂದ ಹಾಗೆ.

ಮೂರನೆಯದನ್ನು ಯಾರೂ ಕೇಳಿಲ್ಲ, ಆದರೆ ಅದೇ ಮುಖ್ಯ. ಅಪ್ಪನಿಂದ ಬಂದ ಪಾಲಿನ ಬೆಲೆ ಎಷ್ಟು? ಅಪ್ಪ ಅಮೆರಿಕದವರಲ್ಲ. ಅಂಥವರಿಂದ ಒಂದು ವರ್ಷದಲ್ಲಿ 1 ಲಕ್ಷ ಡಾಲರ್‌ಗಿಂತ ಹೆಚ್ಚು ಉಡುಗೊರೆಯೋ ಪಿತ್ರಾರ್ಜಿತವೋ ಬಂದರೆ ಫಾರ್ಮ್ 3520 ಹಾಕಬೇಕು. ತೆರಿಗೆ ಒಂದು ಪೈಸೆಯೂ ಇಲ್ಲ, ಮಾಹಿತಿ ಮಾತ್ರ. ಆದರೆ ಹಾಕದಿದ್ದರೆ ದಂಡ ತಿಂಗಳಿಗೆ ಬಂದ ಆಸ್ತಿಯ ನೂರಕ್ಕೆ 5, ಹೆಚ್ಚೆಂದರೆ 25ರವರೆಗೆ. ತಡವಾದ 3520 ಬಂದ ಕೂಡಲೇ ತಾನಾಗಿ ದಂಡ ಹಾಕುವುದನ್ನು ನಿಲ್ಲಿಸಿ, ಮೊದಲು ವಿವರಣೆ ಓದುತ್ತೇವೆ ಅಂತ ಐಆರ್‌ಎಸ್ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಆದರೂ ಅದನ್ನು ನಂಬಿ ಕೂರಬೇಡಿ. ಮಲೆನಾಡಿನಲ್ಲಿ ಈಗ ತೋಟದ ಬೆಲೆ ಗೊತ್ತಲ್ಲ? ನಿಮ್ಮ ಪಾಲು 85 ಲಕ್ಷ ರೂಪಾಯಿಯ ಹತ್ತಿರ ಇದ್ದರೆ 2025ರ ಏಪ್ರಿಲ್ 15ರೊಳಗೆ ಇದನ್ನು ನೋಡಿಕೊಳ್ಳಿ. ಅದು ರಿಟರ್ನ್ ಜೊತೆ ಹೋಗುವುದಿಲ್ಲ, ಪ್ರತ್ಯೇಕವಾಗಿ ಹೋಗುತ್ತದೆ.

ಮಲೆನಾಡ_ಮಗಳು

ಅಯ್ಯೋ, 3520 ಹೆಸರನ್ನೇ ಕೇಳಿರಲಿಲ್ಲ. ಪಾಲಿನ ಬೆಲೆ ಎಷ್ಟು ಅಂತ ಯಾವ ಆಧಾರದಲ್ಲಿ ಹೇಳೋದು? ಸಬ್ ರಿಜಿಸ್ಟ್ರಾರ್ ಮಾರ್ಗಸೂಚಿ ದರ ಸಾಕಾ?

ಲೆಕ್ಕದ_ಪುಸ್ತಕ

ಬೇಕಾಗಿರುವುದು ಅಪ್ಪ ತೀರಿಕೊಂಡ ದಿನದ ಮಾರುಕಟ್ಟೆ ಬೆಲೆ. ಮಾರ್ಗಸೂಚಿ ದರ ಅದಕ್ಕಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಶಿವಮೊಗ್ಗದಲ್ಲೋ ಸಾಗರದಲ್ಲೋ ನೋಂದಾಯಿತ ಮೌಲ್ಯಮಾಪಕರಿಂದ ಒಂದು ವರದಿ ಮಾಡಿಸಿ. ಇದು 3520ಕ್ಕೆ ಮಾತ್ರವಲ್ಲ, ಮುಂದೆ ಮಾರಿದರೆ ನಿಮ್ಮನ್ನು ಉಳಿಸುವುದೂ ಇದೇ ಕಾಗದ. ಯಾಕೆ ಅಂದರೆ ಅಮೆರಿಕದ ಲೆಕ್ಕದಲ್ಲಿ ಪಿತ್ರಾರ್ಜಿತ ಆಸ್ತಿಯ ಮೂಲ ಬೆಲೆ ತೀರಿಕೊಂಡ ದಿನದ ಬೆಲೆ. ಭಾರತದ ಲೆಕ್ಕದಲ್ಲಿ ಅಪ್ಪ ಕೊಟ್ಟ ಬೆಲೆ, ಅಥವಾ ಹಳೆಯದಾದರೆ 2001ರ ಏಪ್ರಿಲ್ 1ರ ಬೆಲೆ. ಒಂದೇ ಆಸ್ತಿಗೆ ಎರಡು ದೇಶದಲ್ಲಿ ಎರಡು ಲಾಭ ಬರುತ್ತದೆ. ಹಳ್ಳಿಯ ಕೃಷಿ ಜಮೀನಾದರೆ ಭಾರತದಲ್ಲಿ ಅದು ಬಂಡವಾಳ ಆಸ್ತಿಯೇ ಅಲ್ಲ, ಮಾರಿದರೂ ತೆರಿಗೆ ಇಲ್ಲ. ಅಮೆರಿಕಕ್ಕೆ ಆ ವಿನಾಯಿತಿ ಗೊತ್ತಿಲ್ಲ.

ಎಡಿಸನ್_ಗೃಹಿಣಿ

ನಮ್ಮ ಮನೆಯವರು ಮೈಸೂರಿನ ಸೈಟು ಮಾರಿದರು. ಕೊಂಡವರು ‘ನೀವು ಎನ್‌ಆರ್‌ಐ’ ಅಂತ ಟಿಡಿಎಸ್ ಜಾಸ್ತಿ ಹಿಡಿದುಕೊಂಡರು. ಅದನ್ನೆಲ್ಲ ಇಲ್ಲಿ ಕ್ರೆಡಿಟ್ ಕೇಳಬಹುದಲ್ವಾ?

ಲೆಕ್ಕದ_ಪುಸ್ತಕ

ಹಿಡಿದುಕೊಂಡ ಮೊತ್ತ ಕ್ರೆಡಿಟ್ ಅಲ್ಲ. ನಿಜವಾಗಿ ಭಾರತಕ್ಕೆ ಸಲ್ಲಬೇಕಾದ ತೆರಿಗೆ ಎಷ್ಟೋ ಅಷ್ಟಕ್ಕೆ ಮಾತ್ರ ಕ್ರೆಡಿಟ್. ಹೆಚ್ಚು ಹಿಡಿದಿದ್ದರೆ ಭಾರತದಲ್ಲಿ ರಿಟರ್ನ್ ಹಾಕಿ ವಾಪಸ್ ಪಡೆಯಬೇಕು. ಎನ್‌ಆರ್‌ಓ ಬಡ್ಡಿಗೂ ಹಾಗೇ. ಬ್ಯಾಂಕು ಸೆಸ್ ಸೇರಿ 31.2% ಹಿಡಿಯುತ್ತದೆ. ಎರಡು ದೇಶಗಳ ಒಪ್ಪಂದದಲ್ಲಿ ಬಡ್ಡಿಗೆ ಸಾಮಾನ್ಯವಾಗಿ 15% ಮಿತಿ. ಉಳಿದದ್ದನ್ನು ಅಮೆರಿಕ ನಿಮಗೆ ಕೊಡುವುದಿಲ್ಲ. ಅಲ್ಲಿ ಏಪ್ರಿಲ್‌ನಿಂದ ಮಾರ್ಚ್, ಇಲ್ಲಿ ಜನವರಿಯಿಂದ ಡಿಸೆಂಬರ್, ಹಾಗಾಗಿ ಫಾರ್ಮ್ 16ಎ (ಟಿಡಿಎಸ್ ಪ್ರಮಾಣ ಪತ್ರ) ನೋಡಿಕೊಂಡು ತ್ರೈಮಾಸಿಕಗಳನ್ನು ಬಿಡಿಸಿ ಜೋಡಿಸಬೇಕು. ಇದೆಲ್ಲ ವಿದೇಶಿ ತೆರಿಗೆ ಕ್ರೆಡಿಟ್ಟಿನ ಫಾರ್ಮ್ 1116ಕ್ಕೆ. ಅಮೆರಿಕದ ಫಂಡಿನ 1099ರಲ್ಲಿ (ವರ್ಷದ ಆದಾಯದ ಚೀಟಿ) ಬರುವ ಸಣ್ಣ ವಿದೇಶಿ ತೆರಿಗೆ, 300 ಡಾಲರ್ ಒಳಗಿನದ್ದು, ಗಂಡ ಹೆಂಡತಿ ಜಂಟಿಯಾದರೆ 600, ಅದನ್ನು ವೀಟಾದವರು ಮಾಡಿಕೊಡುತ್ತಾರೆ. ಊರಿನ ಟಿಡಿಎಸ್ ಬೇರೆ ವಿಷಯ.

@ಮಲೆನಾಡ_ಮಗಳು ನೀವು ಕ್ಯಾಲಿಫೋರ್ನಿಯಾ. ಆ ರಾಜ್ಯ ವಿದೇಶಿ ತೆರಿಗೆಗೆ ಕ್ರೆಡಿಟ್ಟನ್ನೇ ಕೊಡುವುದಿಲ್ಲ. ಫೆಡರಲ್‌ನಲ್ಲಿ ಸೊನ್ನೆ ಬಂದರೂ ಅಲ್ಲಿ ಕಟ್ಟಬೇಕಾಗಬಹುದು.

ಫ್ರೀಮಾಂಟ್_ಪಕ್ಕದವ

ಎಫ್‌ಬಾರ್, ಅಂದರೆ ವಿದೇಶಿ ಖಾತೆಗಳ ವರದಿ, ಅದರ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮವರಲ್ಲಿ ಎಲ್ಲರೂ ಎಡವುವುದು ಅಲ್ಲೇ. ಎಲ್ಲ ವಿದೇಶಿ ಖಾತೆಗಳೂ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಹಾಕಬೇಕು. ಅಮ್ಮನ ಖಾತೆಗೆ ‘ಯಾರಾದರೊಬ್ಬರು’ ಅಂತ ನಮ್ಮ ಹೆಸರು ಸೇರಿಸಿರುತ್ತೇವಲ್ಲ, ಅದರ ಪೂರ್ತಿ ಮೊತ್ತ ನಮ್ಮ ಲೆಕ್ಕಕ್ಕೂ ಬರುತ್ತದೆ. ಎಲ್‌ಐಸಿ ಪಾಲಿಸಿಯ ಸರೆಂಡರ್ ಮೌಲ್ಯವೂ ಸೇರುತ್ತದೆ.

ಇದು ಟ್ಯಾಕ್ಸ್ ರಿಟರ್ನ್ ಅಲ್ಲ. ಅಮೆರಿಕದ ಖಜಾನೆಯ ಫಿನ್‌ಸೆನ್ ವಿಭಾಗದ ಜಾಲತಾಣದಲ್ಲಿ ನಾವೇ ಹಾಕಬಹುದು, ದುಡ್ಡು ಇಲ್ಲ. ಗಡುವು ಏಪ್ರಿಲ್ 15, ಅಕ್ಟೋಬರ್ 15ರವರೆಗೆ ತಾನಾಗಿಯೇ ಮುಂದೂಡಿಕೆ. ರೂಪಾಯಿಯನ್ನು ಡಾಲರ್ ಮಾಡಲು ಅಮೆರಿಕದ ಖಜಾನೆ ಪ್ರಕಟಿಸುವ ಡಿಸೆಂಬರ್ 31ರ ದರ ಬಳಸಬೇಕು, ಗೂಗಲ್ ದರ ಅಲ್ಲ.

ಶನಿವಾರದ_ಸ್ವಯಂಸೇವಕ

ಸರಿ. ಇದಕ್ಕೆ ಒಂದು ಸಮಾಧಾನದ ಮಾತು ಸೇರಿಸುತ್ತೇನೆ. ನೇರವಾಗಿ ನಿಮ್ಮ ಹೆಸರಲ್ಲಿರುವ ತೋಟ, ಮನೆ, ಸೈಟು ಎಫ್‌ಬಾರ್‌ನಲ್ಲೂ ಇಲ್ಲ, ಫಾರ್ಮ್ 8938ರಲ್ಲೂ ಇಲ್ಲ. ಪಹಣಿ ಸ್ಕ್ಯಾನ್ ಮಾಡಿ ಐಆರ್‌ಎಸ್‌ಗೆ ಕಳಿಸಬೇಕಾ ಅಂತ ಕೇಳಿದವರಿದ್ದಾರೆ. ಬೇಕಿಲ್ಲ. 8938 ಬೇಕಾಗುವುದು ಹಣಕಾಸು ಆಸ್ತಿ ಜಾಸ್ತಿ ಇದ್ದರೆ. ಇಲ್ಲೇ ವಾಸ ಮಾಡುತ್ತಾ ಜಂಟಿ ರಿಟರ್ನ್ ಹಾಕುವವರಿಗೆ ವರ್ಷದ ಕೊನೆಯ ದಿನ 1 ಲಕ್ಷ ಡಾಲರ್ ಮೀರಿದರೆ, ಅಥವಾ ನಡುವೆ ಯಾವಾಗಲಾದರೂ ಒಂದೂವರೆ ಲಕ್ಷ ಮೀರಿದರೆ.

ಎಸ್‌ಐಪಿ_ಸೋಮಣ್ಣ

ಬೆಂಗಳೂರಲ್ಲಿದ್ದಾಗ ಶುರು ಮಾಡಿದ ಮ್ಯೂಚುವಲ್ ಫಂಡ್ ಎಸ್‌ಐಪಿ ಇನ್ನೂ ನಡೀತಿದೆ. ತಿಂಗಳಿಗೆ 5,000 ರೂಪಾಯಿ ಅಷ್ಟೇ. ಅದಕ್ಕೂ ಏನಾದ್ರೂ ಇದೆಯಾ?

ಲೆಕ್ಕದ_ಪುಸ್ತಕ

ಇದೆ, ಅದೂ ಎಲ್ಲಕ್ಕಿಂತ ಕೆಟ್ಟದ್ದು. ಭಾರತದ ಮ್ಯೂಚುವಲ್ ಫಂಡುಗಳು ಅಮೆರಿಕದ ಕಣ್ಣಲ್ಲಿ ಸಾಮಾನ್ಯವಾಗಿ ಪಿಫಿಕ್, ಅಂದರೆ ಬರೀ ಹೂಡಿಕೆಯಿಂದ ಗಳಿಸುವ ವಿದೇಶಿ ಕಂಪನಿ. 1986ರ ಕಾಯ್ದೆಯಿಂದ ಬಂದ ನಿಯಮ. ಶ್ರೀಮಂತರು ಹೊರದೇಶದ ಫಂಡಿನಲ್ಲಿ ಲಾಭವನ್ನು ವರ್ಷಗಟ್ಟಲೆ ಮುಂದಕ್ಕೆ ತಳ್ಳುವುದನ್ನು ತಡೆಯಲು ಮಾಡಿದ್ದು, ಬಲೆಗೆ ಬೀಳುತ್ತಿರುವುದು ಜಯನಗರದ ಎಸ್‌ಐಪಿ. ಬೇರೆ ಆಯ್ಕೆ ಮಾಡಿಕೊಳ್ಳದಿದ್ದರೆ, ಮಾರಿದ ದಿನ ಬಂದ ಲಾಭವನ್ನು ಇಟ್ಟುಕೊಂಡ ಅಷ್ಟೂ ದಿನಗಳಿಗೆ ಹಂಚಿ, ಹಿಂದಿನ ವರ್ಷಗಳ ಪಾಲಿಗೆ ಆಯಾ ವರ್ಷದ ಅತಿ ಹೆಚ್ಚಿನ ದರ ಹಾಕಿ, ಮೇಲೆ ಬಡ್ಡಿಯನ್ನೂ ಸೇರಿಸುತ್ತಾರೆ. ಪ್ರತಿ ತಿಂಗಳ ಕಂತೂ ಬೇರೆ ಬೇರೆ ದಿನದ ಖರೀದಿ. ಫಂಡಿಗೊಂದು ಫಾರ್ಮ್ 8621. ವರ್ಷದ ಕೊನೆಗೆ ಎಲ್ಲ ಸೇರಿ 25,000 ಡಾಲರ್ ಒಳಗಿದ್ದು, ಜಂಟಿಗೆ 50,000, ಮಾರಿಲ್ಲ, ದೊಡ್ಡ ಡಿವಿಡೆಂಡೂ ಬಂದಿಲ್ಲ ಅಂದರೆ ಆ ವರ್ಷ ಫಾರ್ಮ್‌ನಿಂದ ವಿನಾಯಿತಿ ಸಿಗಬಹುದು. ಆದರೆ ಹೊಸ ಕಂತು ಹಾಕುವುದನ್ನು ಇಂದೇ ನಿಲ್ಲಿಸಿ ಅನ್ನುವುದು ನನ್ನ ಅಭಿಪ್ರಾಯ. ಊರಿನ ಏಜೆಂಟ್ ಬೇಜಾರು ಮಾಡಿಕೊಳ್ಳಲಿ ಬಿಡಿ.

ಇದನ್ನು ವೀಟಾದವರು ಮುಟ್ಟುವುದಿಲ್ಲ. ಮುಟ್ಟುವ ಸಿಪಿಎಗಳೂ (ಇಲ್ಲಿನ ಪರವಾನಗಿ ಅಕೌಂಟೆಂಟ್‌ಗಳು) ಕಡಿಮೆ. ಮೊದಲೇ ಕೇಳಿ: ‘8621 ಮಾಡಿ ಅಭ್ಯಾಸ ಇದೆಯಾ?’ ತಡವರಿಸಿದರೆ ಮುಂದಿನ ಬಾಗಿಲು.

ಅನುಮಾನಪ್ಪ

ಸರಿ ಸ್ವಾಮಿ, ಸೋತೆ. ಆದರೆ ಇಷ್ಟು ವರ್ಷ ಗೊತ್ತಿಲ್ಲದೆ ತೋರಿಸದೇ ಇದ್ದವರ ಗತಿ ಏನು? ಜೈಲಾ?

ಲೆಕ್ಕದ_ಪುಸ್ತಕ

ಬೇಕಂತಲೇ ಮುಚ್ಚಿಟ್ಟಿಲ್ಲದಿದ್ದರೆ ಹೆದರಬೇಕಿಲ್ಲ, ದಾರಿ ಇದೆ. ಆದಾಯ ಎಲ್ಲ ತೋರಿಸಿ ಎಫ್‌ಬಾರ್ ಮಾತ್ರ ಬಿಟ್ಟಿದ್ದರೆ, ಐಆರ್‌ಎಸ್ ಪತ್ರ ಬರುವ ಮೊದಲೇ ಕಾರಣ ಬರೆದು ತಡವಾಗಿ ಹಾಕಬಹುದು. ಆದಾಯವೂ ಬಿಟ್ಟಿದ್ದರೆ ತಪ್ಪು ಸರಿಪಡಿಸಿಕೊಳ್ಳಲು ಐಆರ್‌ಎಸ್‌ನ ಸ್ಟ್ರೀಮ್‌ಲೈನ್ಡ್ ವಿಧಾನ. 3 ವರ್ಷದ ತಿದ್ದಿದ ರಿಟರ್ನ್, 6 ವರ್ಷದ ಎಫ್‌ಬಾರ್, ಏನು ನಡೆಯಿತು ಅಂತ ಪ್ರಮಾಣ ಮಾಡಿ ಬರೆದ ಹೇಳಿಕೆ. ಅಮೆರಿಕದಲ್ಲೇ ಇರುವವರಿಗೆ ತೋರಿಸದ ವಿದೇಶಿ ಹಣಕಾಸು ಆಸ್ತಿಯ ಗರಿಷ್ಠ ಮೊತ್ತದ ಮೇಲೆ 5% ದಂಡ. 2023ರಲ್ಲಿ ಬಿಟ್ನರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ಒಳ್ಳೆಯ ಕೆಲಸ ಮಾಡಿತು. ಉದ್ದೇಶವಿಲ್ಲದ ತಪ್ಪಿಗೆ ಎಫ್‌ಬಾರ್ ದಂಡ ಖಾತೆಗೊಂದರಂತೆ ಅಲ್ಲ, ವರ್ಷದ ವರದಿಗೊಂದರಂತೆ ಅಂತ 5-4ರಲ್ಲಿ ತೀರ್ಪು ಬಂತು.

ಆ ಹೇಳಿಕೆಯನ್ನು ಮಾತ್ರ ನೀವೇ ಕೂತು ಬರೆಯಬೇಡಿ. ವಕೀಲರೋ ಅನುಭವಿ ಏಜೆಂಟರೋ ಒಮ್ಮೆ ನೋಡಲಿ.

ಡಲ್ಲಾಸ್_ಎಫ್1

ನಾನು ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಮಾಸ್ಟರ್ಸ್ ಮುಗಿಸಿ ಓಪಿಟಿಯಲ್ಲಿದ್ದೆ (ಓದಿದ ಮೇಲೆ ಅದೇ ವೀಸಾದಲ್ಲಿ ಕೆಲಸ). 2024ರ ಅಕ್ಟೋಬರ್ 1ಕ್ಕೆ ಎಚ್-1ಬಿ ಕೆಲಸದ ವೀಸಾ ಆಯಿತು. ಇಲ್ಲಿ ವೀಟಾ ಕೇಂದ್ರದಲ್ಲಿ ‘ನಿಮ್ಮದು ಎನ್‌ಆರ್ (ತೆರಿಗೆ ಲೆಕ್ಕದಲ್ಲಿ ಅನಿವಾಸಿ), ನಮ್ಮಲ್ಲಿ ಯಾರಿಗೂ ಬರಲ್ಲ’ ಅಂದರು. ರೂಮ್‌ಮೇಟ್ ಮಾಮೂಲಿ ಸಾಫ್ಟ್‌ವೇರಲ್ಲಿ ನಿವಾಸಿಗಳ ಫಾರ್ಮ್ 1040 ಹಾಕಿ ರೀಫಂಡ್ ತಗೊಂಡಿದ್ದಾನೆ.

ಶನಿವಾರದ_ಸ್ವಯಂಸೇವಕ

ಅಮೆರಿಕಕ್ಕೆ ಬಂದು 5 ಕ್ಯಾಲೆಂಡರ್ ವರ್ಷ ಆಗಿಲ್ಲ ಅಲ್ವಾ? ಹಾಗಾದರೆ ಎಫ್-1 ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಅಕ್ಟೋಬರ್ 1ರಿಂದ ಡಿಸೆಂಬರ್ 31ಕ್ಕೆ 92 ದಿನ, ನಿವಾಸಿ ಆಗಲು ಬೇಕಾದ 183 ಆಗುವುದಿಲ್ಲ. ಆದ್ದರಿಂದ 2024ಕ್ಕೆ ನೀವು 1040-ಎನ್‌ಆರ್. ವಿದೇಶಿ ವಿದ್ಯಾರ್ಥಿಗಳ ಪರೀಕ್ಷೆ ಪಾಸಾದ ಸ್ವಯಂಸೇವಕರು ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಕೇಂದ್ರಗಳಲ್ಲಿ ಸಿಗುತ್ತಾರೆ. ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿ.

ಭಾರತದವರಿಗೆ ಒಂದು ಲಾಭ ಇದೆ, ಬೇರೆ ದೇಶದ ಬಹುತೇಕ ವಿದ್ಯಾರ್ಥಿಗಳಿಗೆ ಇಲ್ಲದ್ದು. ತೆರಿಗೆ ಒಪ್ಪಂದದ 21(2)ನೇ ವಿಧಿಯಿಂದ ಎನ್‌ಆರ್ ರಿಟರ್ನ್‌ನಲ್ಲೂ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಲ್ಲಿ ತೆರಿಗೆ ಇಲ್ಲದೆ ಕಳೆಯುವ ನಿಗದಿತ ಮೊತ್ತ) ಕೇಳಬಹುದು. 2024ಕ್ಕೆ 14,600 ಡಾಲರ್. ಅಕ್ಟೋಬರ್‌ನಲ್ಲಿ ವೀಸಾ ಬದಲಾಗಿರುವುದರಿಂದ ನಿಮಗೆ ಹೇಗೆ ಅನ್ವಯಿಸುತ್ತದೆ ಅಂತ ಅಲ್ಲಿ ಕೇಳಿಕೊಳ್ಳಿ. ಓಪಿಟಿ ತಿಂಗಳುಗಳಲ್ಲಿ ಸೋಶಿಯಲ್ ಸೆಕ್ಯುರಿಟಿ ಕಡಿತ ಮಾಡಿದ್ದಾರಾ ಅಂತ ಪೇ ಸ್ಟಬ್ ನೋಡಿ. ಮಾಡಿದ್ದರೆ ವಾಪಸ್ ಕೊಡಿ ಅಂತ ಮೊದಲು ಕಂಪನಿಯನ್ನು ಕೇಳಿ, ಕೊಡದಿದ್ದರೆ ಐಆರ್‌ಎಸ್‌ನಿಂದ ವಾಪಸ್ ಕೇಳುವ ಫಾರ್ಮ್ 843.

ರೂಮ್‌ಮೇಟ್‌ಗೆ ಹೇಳಿ, ಎನ್‌ಆರ್ ಆಗಿದ್ದು ಶಿಕ್ಷಣ ಕ್ರೆಡಿಟ್ ತಗೊಂಡಿದ್ದರೆ ತಿದ್ದಿ ಹಾಕಲಿ. ಗ್ರೀನ್ ಕಾರ್ಡ್ ಹೊತ್ತಿಗೆ ಕೆದಕಿದರೆ ಕಷ್ಟ.

ಮಲೆನಾಡ_ಮಗಳು

ಇಷ್ಟೆಲ್ಲ ಓದಿ ತಲೆ ಗಿರ್ ಅಂತಿದೆ, ಆದರೆ ಆ ಹಿರಿಯರ ಮೇಲಿನ ಸಿಟ್ಟು ಇಳಿಯಿತು. ಈಗ ನಾನು ಎಲ್ಲಿಗೆ ಹೋಗಲಿ? ಸಿಪಿಎ ಒಬ್ಬರನ್ನು ಫೋನಲ್ಲಿ ಕೇಳಿದರೆ ನನ್ನ ಒಂದು ತಿಂಗಳ ಸಂಬಳದ ಹತ್ತಿರದ ಮೊತ್ತ ಹೇಳಿದರು. ಯಜಮಾನರ ಲಿಫ್ಟ್ ಲೆಕ್ಕ ಮಾತ್ರ ಯಾವತ್ತೂ ತೊಂದರೆ ಆಗಿರಲಿಲ್ಲ.

ಶನಿವಾರದ_ಸ್ವಯಂಸೇವಕ

ಲಿಫ್ಟ್ ಲೆಕ್ಕ ನಾವು ಮಾಡುತ್ತೇವೆ. ಮೈಲಿ ಲೆಕ್ಕ ಹಾಕಬೇಕು, 2024ಕ್ಕೆ ಮೈಲಿಗೆ 67 ಸೆಂಟ್. ಖರ್ಚು 35,000 ಡಾಲರ್ ಒಳಗಿರಬೇಕು, ನಷ್ಟ ಇರಬಾರದು. ಗಾಡಿಯ ಸವಕಳಿ, ರಿಪೇರಿ ಅಂತ ನಿಜ ಖರ್ಚು ತೋರಿಸುತ್ತೇನೆ ಅಂದ ಕೂಡಲೇ ಅದೂ ನಮ್ಮ ಕೈ ಮೀರಿತು.

ನಿಮಗೆ ಒಂದು ಎಚ್ಚರಿಕೆ. ನಿಮ್ಮ ಆದಾಯದಲ್ಲಿ ಮಕ್ಕಳಿದ್ದರೆ ಇಐಟಿಸಿ (ಕಡಿಮೆ ಆದಾಯದ ದುಡಿಯುವವರಿಗೆ ಸಿಗುವ ಕ್ರೆಡಿಟ್) ಬರುತ್ತಿತ್ತು ಅನ್ನಿಸುತ್ತದೆ. 2024ಕ್ಕೆ ಬಡ್ಡಿ, ಡಿವಿಡೆಂಡ್ ಥರದ ಆದಾಯ 11,600 ಡಾಲರ್ ಮೀರಿದರೆ ಅದು ಪೂರ್ತಿ ಹೋಗುತ್ತದೆ. ಊರಿನ ಎಫ್‌ಡಿ ಬಡ್ಡಿಯೂ ಅದರಲ್ಲಿ ಸೇರುತ್ತದೆ. ಕವರ್ಡ್ ಕ್ಯಾಲಿಫೋರ್ನಿಯಾ ಆರೋಗ್ಯ ವಿಮೆಗೆ ಸಹಾಯಧನ ಬರುತ್ತಿದ್ದರೆ ಅಲ್ಲಿಯೂ ಆದಾಯ ಬದಲಾಗುತ್ತದೆ.

ಲೆಕ್ಕದ_ಪುಸ್ತಕ

ದೊಡ್ಡ ಸಂಸ್ಥೆ ಬೇಡ. ಐಆರ್‌ಎಸ್ ಜಾಲತಾಣದಲ್ಲಿ ತೆರಿಗೆ ಸಿದ್ಧಪಡಿಸುವವರ ಪಟ್ಟಿ ಇದೆ, ಪಿನ್‌ಕೋಡ್ ಹಾಕಿ ಎನ್‌ರೋಲ್ಡ್ ಏಜೆಂಟ್ ಅಂತ ಹುಡುಕಿ. ಗಂಟೆಗಿಷ್ಟು ಅನ್ನುವವರಿಗಿಂತ ಒಟ್ಟು ಇಷ್ಟು ಅಂತ ಬರೆದು ಕೊಡುವವರು ಒಳ್ಳೆಯದು. ರೀಫಂಡಿನಲ್ಲಿ ಪಾಲು ಕೇಳುವವರು, ರಿಟರ್ನ್‌ಗೆ ತಮ್ಮ ಸಹಿ ಮತ್ತು ಪಿಟಿಐಎನ್ (ಐಆರ್‌ಎಸ್ ಅವರಿಗೆ ಕೊಟ್ಟ ಗುರುತಿನ ಸಂಖ್ಯೆ) ಹಾಕದವರು, ಇವರ ಹತ್ತಿರ ಸುಳಿಯಲೂ ಬೇಡಿ. ಮುಂದೆ ಐಆರ್‌ಎಸ್ ಪತ್ರ ಬಂದು ಜಗಳವಾದರೆ, ಕಡಿಮೆ ಆದಾಯದವರಿಗೆ ಎಲ್‌ಐಟಿಸಿ ಕ್ಲಿನಿಕ್‌ಗಳಿವೆ, ಉಚಿತವಾಗಿಯೋ ತೀರಾ ಕಡಿಮೆ ಶುಲ್ಕಕ್ಕೋ ವಾದಿಸುತ್ತಾರೆ. ಹೊಸ ರಿಟರ್ನ್ ಮಾಡಿಸಲು ಮಾತ್ರ ಅವರಲ್ಲಿಗೆ ಹೋಗಬೇಡಿ.

ಹೋಗುವಾಗ ಕಾಗದ ಜೋಡಿಸಿಕೊಂಡು ಹೋದರೆ ಅವರ ಸಮಯ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ. ಮರಣ ಪ್ರಮಾಣ ಪತ್ರ, ಪೌತಿ ಖಾತೆ ಆದೇಶ, ಪಹಣಿಯಲ್ಲಿ ನಿಮ್ಮ ಪಾಲು, ಮೌಲ್ಯಮಾಪನ ವರದಿ, ಎನ್‌ಆರ್‌ಓ ಖಾತೆಯ ಜನವರಿಯಿಂದ ಡಿಸೆಂಬರ್ ಹೇಳಿಕೆ, ಎಫ್‌ಡಿ ಬಡ್ಡಿ, ಫಾರ್ಮ್ 16ಎ. ಚೇಣಿ ಕರಾರು ಬಾಯಿಮಾತಲ್ಲಿ ಆಗಿದ್ದರೆ ಅಣ್ಣನ ಕೈಲಿ ಒಂದು ಹಾಳೆಯಲ್ಲಿ ಬರೆಸಿ ಚೇಣಿದಾರರ ಸಹಿ ಹಾಕಿಸಿ. ಗೊಬ್ಬರ, ಔಷಧಿ, ಕೊನೆಗಾರರ ಕೂಲಿ ಯಾರ ಪಾಲು ಅಂತ ಅದರಲ್ಲಿ ಸ್ಪಷ್ಟವಾಗಿರಲಿ.

ಏಪ್ರಿಲ್ 15ಕ್ಕೆ ಇದೆಲ್ಲ ಆಗುವುದು ಅನುಮಾನ. ಐಆರ್‌ಎಸ್ ಫ್ರೀ ಫೈಲ್‌ನಲ್ಲಿ ಸಮಯ ಕೇಳುವ (ಎಕ್ಸ್‌ಟೆನ್ಶನ್) ಫಾರ್ಮ್ 4868 ಹಾಕಿ, ಪುಕ್ಕಟೆ, ಅಕ್ಟೋಬರ್ 15ರವರೆಗೆ ಸಮಯ ಸಿಗುತ್ತದೆ. ಅದರ ಜೊತೆ 3520ಕ್ಕೂ ಸಮಯ ಸಿಗುತ್ತದೆ. ಆದರೆ ಅದು ಸಲ್ಲಿಸಲು ಸಿಗುವ ಸಮಯ, ದುಡ್ಡು ಕಟ್ಟಲು ಅಲ್ಲ. ಅಂದಾಜು ಮಾಡಿ ಸ್ವಲ್ಪ ಮುಂಚೆಯೇ ಕಟ್ಟಿಬಿಡಿ.

ಮಲೆನಾಡ_ಮಗಳು

ಅಣ್ಣನಿಗೆ ವಾಟ್ಸಾಪ್ ಮಾಡಿದೆ. ‘ಚೇಣಿದಾರ ನಮ್ಮ ಮನೆಯಲ್ಲೇ ಊಟ ಮಾಡುವವ, ಅವನ ಹತ್ತಿರ ಸಹಿ ಕೇಳೋದಾ?’ ಅಂತ ಬಂತು ಉತ್ತರ. ಎಕ್ಸ್‌ಟೆನ್ಶನ್ ಇವತ್ತು ರಾತ್ರಿ ಹಾಕುತ್ತೇನೆ.

ಶನಿವಾರದ_ಸ್ವಯಂಸೇವಕ

ಊಟ ಆದ ಮೇಲೆ ಕೇಳಲಿ 😄 ರಾಜ್ಯಕ್ಕೆ ಬೇರೆ ಅರ್ಜಿ ಬೇಕಿಲ್ಲ, ಕ್ಯಾಲಿಫೋರ್ನಿಯಾ ತಾನಾಗಿಯೇ ಅಕ್ಟೋಬರ್‌ವರೆಗೆ ಸಮಯ ಕೊಡುತ್ತದೆ. ಅಲ್ಲೂ ಬಾಕಿ ಹಣ ಮಾತ್ರ ಏಪ್ರಿಲ್‌ನಲ್ಲೇ ಕಟ್ಟಬೇಕು.